ಸರಕಾರಿ ಡಿಪೋದ ಸಾಗವಾನಿ: ಬಾಗಿಲು ಮಾಡಿಸುವವರು ಹರಾಜಿಗೆ ಹೋಗಬೇಕೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಮನೆ ಕಟ್ಟಿಸುವವರಿಗೆ ತಲಬಾಗಿಲು ಎಂದರೆ ಸಾಗವಾನಿಯೇ. ಟಿಂಬರ್ ಅಂಗಡಿಗೆ ಹೋದರೆ ಕೊಯ್ದ ಹಲಗೆ ತಯಾರಾಗಿ ಸಿಗುತ್ತದೆ. ಅಳತೆ ಹೇಳಿ, ಹಣ ಕೊಟ್ಟು, ಟೆಂಪೋದಲ್ಲಿ ಹಾಕಿಕೊಂಡು ಬರಬಹುದು. ಅರಣ್ಯ ಇಲಾಖೆಯ ನಾಟಾ ಡಿಪೋಗೆ ಹೋದರೆ ಸಿಗುವುದು ದಿಮ್ಮಿ. ಹರಾಜು, ಠೇವಣಿ, ಸಾಗಣೆಯ ಪಾಸು, ಸಾಮಿಲ್ಲು, ಒಣಗಿಸುವುದು ಎಲ್ಲವೂ ಕೊಂಡವರ ತಲೆಯ ಮೇಲೆ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಈ ಎರಡನೆಯ ದಾರಿಯನ್ನು: ಖಾನಾಪುರ ಸೀಮೆಯ ನೆಡುತೋಪುಗಳಿಂದ ಬರುವ ನಾಟಾ, ಮತ್ತು ಗಡಿಯಾಚೆ ಉತ್ತರ ಕನ್ನಡದ ದಾಂಡೇಲಿಯಂಥ ದೊಡ್ಡ ಡಿಪೋಗಳಲ್ಲಿ ನಡೆಯುವ ಮಾರಾಟ.

ಒಂದು ಬಾಗಿಲು, ಎರಡು ಕಿಟಕಿ ಮಾಡಿಸುವವರಿಗೆ ಹರಾಜು ಬೇಡ. ಅಷ್ಟು ಓಡಾಟಕ್ಕೆ ತಕ್ಕ ಉಳಿತಾಯ ಅದರಲ್ಲಿ ಇಲ್ಲ. ಇಡೀ ಮನೆಯ ಚೌಕಟ್ಟು, ಬಾಗಿಲು, ಮೆಟ್ಟಿಲ ಕಟಾಂಜನ ಸೇರಿ ಐವತ್ತು ಘನ ಅಡಿಗೂ ಮೇಲ್ಪಟ್ಟು ಕೊಯ್ದ ಕಟ್ಟಿಗೆ ಬೇಕಾದವರು, ಇಲ್ಲವೇ ಮೂರ್ನಾಲ್ಕು ಮನೆಯವರು ಕೂಡಿ ಕೊಳ್ಳಬಲ್ಲವರು, ಆರೆಂಟು ತಿಂಗಳು ಮೊದಲೇ ತಯಾರಿ ಮಾಡಿಕೊಳ್ಳುವಷ್ಟು ತಾಳ್ಮೆ ಇರುವವರು ಡಿಪೋಗೇ ಹೋಗಬೇಕು. ಸರಕು ಅಸಲಿ, ಅಳತೆ ಕಣ್ಣೆದುರಿಗೆ ಇರುತ್ತದೆ, ಕಾಗದಪತ್ರ ಗಟ್ಟಿ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಕಡಿದ ಮೇಲೂ ಕಾಡು ಉಳಿಯಬೇಕು ಎಂಬ ಲೆಕ್ಕದ ಮೇಲೆ ತೆಗೆದ ಮರ ಈ ಭಾಗದಲ್ಲಿ ನಂಬಿಕೆಯಿಂದ ಸಿಗುವ ಜಾಗ ಇದು.

ದಿಮ್ಮಿ ಎಲ್ಲಿಯದು?

ಸರಕಾರಿ ನಾಟಾ ಎಂದ ಕೂಡಲೇ ಸಹ್ಯಾದ್ರಿಯ ಹಳೆಯ ಕಾಡನ್ನು ಸವರಿ ತಂದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಂದಿನಿಂದ, ಕೇಂದ್ರದ ಒಪ್ಪಿಗೆ ಪಡೆದ ಕಾರ್ಯಯೋಜನೆ ಇಲ್ಲದೆ ಯಾವ ರಾಜ್ಯದ ಕಾಡಿನಲ್ಲೂ ಮರ ಕಡಿಯುವಂತಿಲ್ಲ. ಕಾರ್ಯಯೋಜನೆ ಎಂದರೆ ಒಂದು ಅರಣ್ಯ ವಿಭಾಗಕ್ಕೆ ಸಾಮಾನ್ಯವಾಗಿ 10 ವರ್ಷದ ಮಟ್ಟಿಗೆ ಬರೆದ ಲೆಕ್ಕ: ಯಾವ ಕಂಪಾರ್ಟ್‌ಮೆಂಟಿನಲ್ಲಿ, ಅಂದರೆ ಗಡಿ ಹಾಕಿ ನಂಬರು ಕೊಟ್ಟ ಕಾಡಿನ ತುಂಡಿನಲ್ಲಿ, ಯಾವ ವರ್ಷ ಏನು ತೆಗೆಯಬೇಕು, ಎಲ್ಲಿ ಕೈ ಹಚ್ಚಲೇಬಾರದು. ಡಿಪೋಗೆ ಬರುವ ಸಾಗವಾನಿಯ ಮುಖ್ಯ ಮೂಲ ನೆಡುತೋಪುಗಳ ಥಿನ್ನಿಂಗ್, ಅಂದರೆ ಉಳಿದ ಮರ ಬೆಳೆಯಲೆಂದು ನಡುನಡುವಿನ ಮರ ತೆಗೆಯುವುದು. ಅದರ ಜೊತೆಗೆ ಗಾಳಿಗೆ ಬಿದ್ದ ಮರ, ರಸ್ತೆ ಮತ್ತು ವಿದ್ಯುತ್ ಲೈನಿಗಾಗಿ ತೆಗೆದದ್ದು, ಕಳ್ಳಸಾಗಣೆಯಲ್ಲಿ ಜಪ್ತಿಯಾದದ್ದು.

ಈ ಲೆಕ್ಕದ ಪದ್ಧತಿ ನಮ್ಮಲ್ಲಿ ಹಳೆಯದು. ಜರ್ಮನಿಯ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್ 1856ರಲ್ಲಿ ಬರ್ಮಾದ ಪೆಗು ಸೀಮೆಯ ಸಾಗವಾನಿ ಕಾಡಿನ ಉಸ್ತುವಾರಿಗೆ ಬಂದರು. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಅವರು ಮಾಡಿದ್ದು ಇಷ್ಟು: ಕಾಡಿನೊಳಗೆ ಗೆರೆ ಹಿಡಿದು ನಡೆಯುತ್ತ ಮರಗಳನ್ನು ಸುತ್ತಳತೆಯ ಪ್ರಕಾರ ವರ್ಗ ಮಾಡಿ ಎಣಿಸುವುದು, ಕೆಳಗಿನ ವರ್ಗದ ಎಷ್ಟು ಮರ ಮೇಲಿನ ವರ್ಗಕ್ಕೆ ಏರಲು ಎಷ್ಟು ವರ್ಷ ಬೇಕು ಎಂದು ಕಂಡುಹಿಡಿಯುವುದು, ಏರಿ ಬಂದಷ್ಟನ್ನೇ ಕಡಿಯುವುದು. ಇಂದಿಗೂ ಒಳ್ಳೆಯ ಅರಣ್ಯಾಧಿಕಾರಿಯ ಕೆಲಸದ ತಿರುಳು ಅದೇ.

ಆ ಕೆಲಸ ಹತ್ತಿರದಿಂದ ಹೀಗಿರುತ್ತದೆ. ಸಾಗವಾನಿಯನ್ನು 2 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2,500 ಸಸಿ. ಅಷ್ಟೂ ದೊಡ್ಡವಾಗುವಷ್ಟು ಬಿಸಿಲು, ನೀರು ಅಲ್ಲಿಲ್ಲ. ಐದಾರು ವರ್ಷಕ್ಕೆ ಮೊದಲ ಥಿನ್ನಿಂಗ್, ಆಮೇಲೆ ಹತ್ತರ ಹೊತ್ತಿಗೆ, ಇಪ್ಪತ್ತರ ಹೊತ್ತಿಗೆ, ಮೂವತ್ತರ ಆಚೆ ಹೀಗೆ ತೆಗೆಯುತ್ತ ಬಂದು ಕೊನೆಗೆ ನಿಲ್ಲುವುದು ಹೆಕ್ಟೇರಿಗೆ ನೂರರಿಂದ ಇನ್ನೂರು ಮರ. ಯಾವುದು ಹೋಗಬೇಕು ಎಂದು ಮಾರ್ಕಿಂಗ್ ಮಾಡುವವರು ಕತ್ತು ಎತ್ತಿ ಮೊದಲು ನೋಡುವುದು ತಲೆಯ ಹರವನ್ನು, ಕಾಂಡವನ್ನಲ್ಲ. ಪಕ್ಕದ ಮರದ ನೆರಳಲ್ಲಿ ಸಿಕ್ಕು ಸೊರಗಿದ್ದು, ಕವಲೊಡೆದದ್ದು, ವಾಲಿದ್ದು, ಬುಡಕ್ಕೆ ಬೆಂಕಿ ಬಿದ್ದು ಗಾಯವಾದದ್ದು ಮೊದಲು ಹೋಗುತ್ತವೆ. ಹೋಗುವ ಮರಕ್ಕೆ ಎರಡು ಕಡೆ ಸುತ್ತಿಗೆ ಗುರುತು: ಎದೆಮಟ್ಟದಲ್ಲಿ ಒಂದು, ಬುಡದಲ್ಲಿ ನೆಲಕ್ಕೆ ಹತ್ತಿ ಇನ್ನೊಂದು. ಬುಡದ ಗುರುತು ಕಡಿದ ಮೇಲೂ ಬೊಡ್ಡೆಯಲ್ಲಿ ಉಳಿಯಬೇಕು. ತಪಾಸಣೆಗೆ ಬಂದವರು ಬೊಡ್ಡೆ ಎಣಿಸುತ್ತಾರೆ. ಗುರುತಿಲ್ಲದ ಬೊಡ್ಡೆ ಸಿಕ್ಕರೆ ಅದು ಕಳ್ಳತನ.

ಇದರಲ್ಲಿ ತಪ್ಪುವುದು ಹೆಚ್ಚಾಗಿ ಎಲ್ಲಿ? ತಡ ಮಾಡುವುದರಲ್ಲಿ. ಮರ ಕಡಿಯುವುದೇ ಪಾಪ ಎಂದು ಥಿನ್ನಿಂಗ್ ಮುಂದೂಡಿದರೆ ತೋಪಿನ ಮರಗಳೆಲ್ಲ ಕೋಲಿನಂತೆ ಉದ್ದಕ್ಕೆ ಏರುತ್ತವೆ, ತಲೆ ಕಿರಿದಾಗುತ್ತದೆ. ಆಮೇಲೆ ಒಮ್ಮೆಲೇ ತೆರವು ಮಾಡಿದಾಗ ಬಿಸಿಲು ಬಿದ್ದ ಕಾಂಡದ ತುಂಬ ಸಣ್ಣ ಟಿಸಿಲು ಒಡೆಯುತ್ತವೆ. ಆ ಟಿಸಿಲುಗಳೇ ಮುಂದೆ ನಿಮ್ಮ ಹಲಗೆಯಲ್ಲಿ ಕಾಳು ಚೆಲ್ಲಿದ ಹಾಗೆ ಕಾಣುವ ಸಣ್ಣ ಗಂಟು. ಜೊತೆಗೆ ದಟ್ಟ ತೋಪಿನ ನೆಲದಲ್ಲಿ ಹುಲ್ಲು, ಗಿಡ ಬರುವುದಿಲ್ಲ. ಅಗಲ ಎಲೆಯಿಂದ ತೊಟ್ಟಿಕ್ಕುವ ದೊಡ್ಡ ಹನಿಗೆ ಮಣ್ಣು ಕೊಚ್ಚಿ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಥಿನ್ನಿಂಗ್ ಆದ ತೋಪಿನಲ್ಲಿ ಮತ್ತಿ, ಹೊನ್ನೆ, ನಂದಿ ಮರಗಳ ಸಸಿ ತಾವಾಗಿ ಏಳುತ್ತವೆ. ನೆಟ್ಟ ತೋಪು ಮೆಲ್ಲಗೆ ಕಾಡಿನ ಕಡೆ ತಿರುಗುತ್ತದೆ. ಹಿಂದೆ ಸಹಜ ಕಾಡನ್ನು ಬೋಳಿಸಿ ಸಾಗವಾನಿ, ನೀಲಗಿರಿ ನೆಟ್ಟದ್ದು ಇಲಾಖೆಯ ದೊಡ್ಡ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆ ತಪ್ಪನ್ನು ತಿದ್ದುವ ದಾರಿಯೂ ಕೊಡಲಿಯ ಮೂಲಕವೇ ಹೋಗುತ್ತದೆ. ಕೊಡಲಿ ಯಾರ ಕೈಯಲ್ಲಿ, ಯಾವ ಲೆಕ್ಕದ ಮೇಲೆ ಎಂಬುದಷ್ಟೇ ಪ್ರಶ್ನೆ.

ಮುಟ್ಟಲೇಬಾರದ ಕಾಡಿನ ಮಾತು ಬೇರೆ. ಖಾನಾಪುರ ತಾಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಮಹದಾಯಿ ಹುಟ್ಟುವುದು ಅಲ್ಲಿ. ರಾಟನ್‌ನ ಬಾಲಮುಕ್ತ ಬಾವಲಿ ಎಂಬ ಅತಿ ಅಪರೂಪದ ಬಾವಲಿಯ ನೆಲೆಯಾದ ಬಾರಾಪೆಡೆ ಗವಿಗಳೂ ಅಲ್ಲಿವೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರವನ್ನೂ ತೆಗೆಯಬಾರದು ಎಂದು ಸುಪ್ರೀಂ ಕೋರ್ಟ್ 2000ದ ಫೆಬ್ರುವರಿ 14ರಂದು ಹೇಳಿದೆ. ಲಕ್ಷಾಂತರ ರೂಪಾಯಿಯ ನಾಟಾ ಕೊಳೆತು ಹೋಗುತ್ತದೆ ಎಂದು ಕೊರಗುವವರು ಈಗಲೂ ಇದ್ದಾರೆ. ಅದು ಹಾಳಾಗುತ್ತಿಲ್ಲ. ಮಂಗಟ್ಟೆ ಹಕ್ಕಿ ಗೂಡು ಮಾಡುವುದು ಹಳೆಯ ದೊಡ್ಡ ಮರದ ಪೊಟರೆಯಲ್ಲಿ. ಹಾರುವ ಅಳಿಲಿಗೂ ಪೊಟರೆಯೇ ಮನೆ. ಥಿನ್ನಿಂಗ್‌ನಲ್ಲಿ ಮೊದಲು ಹೋಗುವ ಪೊಟರೆ ಬಿದ್ದ ಮರವೇ ಅಭಯಾರಣ್ಯದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮರ. ಎರಡು ಕಾಡಿಗೆ ಎರಡು ನ್ಯಾಯ. ಭೀಮಗಡದಂಥ ಕಾಡು ಹಾಗೆಯೇ ಇರಬೇಕೆಂದರೆ ತೋಪಿನ ಸಾಗವಾನಿ ನ್ಯಾಯವಾದ ಬೆಲೆಗೆ ಜನರ ಮನೆಗೆ ಮುಟ್ಟಬೇಕು.

ಬೆಲೆಯ ಮಾತು ಏಕೆಂದರೆ, ಅಗ್ಗದ ಬೆಲೆಯೇ ಕಾಡಿನ ಶತ್ರು. ಉತ್ತರ ಕನ್ನಡದ ಬಿದಿರನ್ನು ಮೊದಮೊದಲು ಕಾಗದ ಉದ್ದಿಮೆಗೆ ಟನ್ನಿಗೆ ಒಂದೂವರೆ ರೂಪಾಯಿಗೆ ಕೊಟ್ಟಿದ್ದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಅಧ್ಯಯನ ಎತ್ತಿ ತೋರಿಸಿತು. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ಕೊಡುತ್ತಿದ್ದರು. ಅಷ್ಟು ಅಗ್ಗಕ್ಕೆ ಸಿಕ್ಕಿದ್ದನ್ನು ಯಾರೂ ಜೋಪಾನ ಮಾಡಲಿಲ್ಲ, ಬಿದಿರು ಮುಗಿಯುತ್ತ ಹೋಯಿತು. ಹರಾಜಿನಲ್ಲಿ ಸಾಗವಾನಿಗೆ ಏರುವ ಬೆಲೆ ನೋಡಿ ಬೇಸರ ಮಾಡಿಕೊಳ್ಳುವ ಮೊದಲು ಇದನ್ನು ನೆನಪಿಡಬೇಕು.

ಅಳತೆ, ಬೆಲೆ

ಡಿಪೋದಲ್ಲಿ ಬೆಲೆ ಘನ ಮೀಟರಿಗೆ, ಅದೂ ದಿಮ್ಮಿಗೆ. ಅಂಗಡಿಯಲ್ಲಿ ಬೆಲೆ ಘನ ಅಡಿಗೆ, ಅದೂ ಕೊಯ್ದ ಕಟ್ಟಿಗೆಗೆ. ಇವೆರಡನ್ನು ನೇರವಾಗಿ ಹೋಲಿಸಿ ‘ಡಿಪೋದಲ್ಲಿ ಬಲು ಅಗ್ಗ’ ಎಂದು ಓಡುವವರೇ ಹೆಚ್ಚಾಗಿ ಏಟು ತಿನ್ನುವುದು.

ದಿಮ್ಮಿಯ ಅಳತೆ ಕಾಲು ಸುತ್ತಳತೆಯ ಸೂತ್ರದಿಂದ: ನಡುವಿನ ಸುತ್ತಳತೆಯ ನಾಲ್ಕನೇ ಒಂದು ಭಾಗ, ಅದರ ವರ್ಗ, ಅದಕ್ಕೆ ಉದ್ದದ ಗುಣಾಕಾರ. 4 ಮೀಟರ್ ಉದ್ದ, ನಡುವೆ 100 ಸೆಂಟಿಮೀಟರ್ ಸುತ್ತಳತೆ ಇದ್ದರೆ 0.25 × 0.25 × 4, ಅಂದರೆ 0.25 ಘನ ಮೀಟರ್, ಹತ್ತಿರ ಹತ್ತಿರ 8.8 ಘನ ಅಡಿ. ಅದೇ ದಿಮ್ಮಿಯ ನಿಜವಾದ ಗಾತ್ರ 0.318 ಘನ ಮೀಟರ್. ಸೂತ್ರ ಶೇಕಡ 21ರಷ್ಟು ಬಿಟ್ಟುಕೊಡುತ್ತದೆ. ಹೊರಪದರ, ಕೊಯ್ಯುವಾಗಿನ ಪುಡಿ ಇವಕ್ಕೆಂದೇ ಈ ರಿಯಾಯಿತಿ. ಆದರೆ ಬುಡದ ದಿಮ್ಮಿಗೆ ತೋಡು ಇದ್ದರೆ ಈ ಲಾಭ ಹೋಯಿತು: ಟೇಪು ತೋಡಿನೊಳಗೆ ಇಳಿಯುವುದಿಲ್ಲ, ಉಬ್ಬಿನಿಂದ ಉಬ್ಬಿಗೆ ಹಾಯುತ್ತದೆ, ನೀವು ಗಾಳಿಗೆ ದುಡ್ಡು ಕೊಟ್ಟಂತಾಗುತ್ತದೆ. ಆಳ ತೋಡಿನ ಬುಡದ ತುಂಡುಗಳೇ ತುಂಬಿದ ಲಾಟಿಗೆ (ಒಟ್ಟಿಗೆ ಹರಾಜಾಗುವ ದಿಮ್ಮಿಗಳ ರಾಶಿಗೆ) ಬೆಲೆ ಏರಿಸಬೇಡಿ. ಅಳತೆ ತೊಗಟೆಯ ಮೇಲಿನದೋ ತೊಗಟೆ ಬಿಟ್ಟದ್ದೋ ಎಂದು ಸ್ಥಳದಲ್ಲೇ ಕೇಳಿಕೊಳ್ಳಿ.

ಈಗ ಬೆಲೆಯ ಲೆಕ್ಕ. ಉದಾಹರಣೆಗೆಂದು ಘನ ಮೀಟರಿಗೆ ಒಂದು ಲಕ್ಷ ರೂಪಾಯಿಗೆ ಹರಾಜು ನಿಂತಿತು ಎಂದುಕೊಳ್ಳಿ. 35.3ರಿಂದ ಭಾಗಿಸಿದರೆ ದಿಮ್ಮಿಯ ಘನ ಅಡಿಗೆ ಸುಮಾರು 2,830 ರೂಪಾಯಿ. ತೊಗಟೆಯ ಕೆಳಗಿನ ಬಿಳಿ ಪದರ ತೆಗೆದು ಚೌಕಟ್ಟಿಗೆ, ಹಲಗೆಗೆ ಸಲ್ಲುವ ಕಟ್ಟಿಗೆ ಕಾಗದದ ಅಳತೆಯ (ಡಿಪೋ ಪಟ್ಟಿಯಲ್ಲಿ ಬರೆದದ್ದರ) ಅರ್ಧ ಎಂದು ಹಿಡಿಯಿರಿ. ಸಣ್ಣ ದಿಮ್ಮಿಯಲ್ಲಿ ಅದಕ್ಕೂ ಕಡಿಮೆ. ಆಗ ಕೊಯ್ದ ಘನ ಅಡಿಗೆ 5,660 ಆಯಿತು. ಇದರ ಮೇಲೆ ಅರಣ್ಯ ಅಭಿವೃದ್ಧಿ ತೆರಿಗೆ, ಜಿ.ಎಸ್.ಟಿ., ಹಮಾಲಿ, ಲಾರಿ ಬಾಡಿಗೆ, ಸಾಮಿಲ್ಲಿನ ಕೊಯ್ತ. ತೆರಿಗೆಗಳ ದರವನ್ನು ಹರಾಜಿಗೆ ಮೊದಲೇ ಡಿಪೋದಲ್ಲಿ ಬರೆಸಿಕೊಂಡು ಬನ್ನಿ, ಕೂಗುವ ಬೆಲೆಯ ಮೇಲೆ ಎಷ್ಟು ಕೂಡುತ್ತದೆ ಎಂದು ತಿಳಿಯದೆ ಕೂಗಬೇಡಿ. ಎಲ್ಲ ಕೂಡಿಸಿದ ಮೊತ್ತವನ್ನು ಅಂಗಡಿಯ ದರದೊಂದಿಗೆ ಹೋಲಿಸಬೇಕು. ಹಾಗೆ ಹೋಲಿಸಿದರೂ ದಪ್ಪ ದಿಮ್ಮಿಯಲ್ಲಿ ಡಿಪೋ ಗೆಲ್ಲುವುದುಂಟು. ಸಣ್ಣ ದಿಮ್ಮಿಯಲ್ಲಿ ಅಪರೂಪ.

ಸಣ್ಣ ದಿಮ್ಮಿ ಏಕೆ ಸೋಲುತ್ತದೆ ಎಂದರೆ, ಅದರಲ್ಲಿ ಚೇಗು, ಅಂದರೆ ಬಿಳಿ ಪದರದ ಒಳಗಿನ ಗಟ್ಟಿ ಮರ, ಕಡಿಮೆ. 60 ಸೆಂಟಿಮೀಟರ್ ಸುತ್ತಳತೆಯ ದಿಮ್ಮಿಯ ಅಡ್ಡಳತೆ 19 ಸೆಂಟಿಮೀಟರ್. ಎರಡೂ ಕಡೆ ಎರಡೂವರೆ ಸೆಂಟಿಮೀಟರ್ ಬಿಳಿ ಪದರ ಹೋದರೆ ಉಳಿಯುವುದು 14. ಅಡ್ಡ ಕೊಯ್ದ ಮುಖದಲ್ಲಿ ಚೇಗು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಸಾಗವಾನಿಗೆ ಗೆದ್ದಲು ಹತ್ತುವುದಿಲ್ಲ ಎಂಬ ಮಾತು ಚೇಗಿಗೆ ಮಾತ್ರ ಸಲ್ಲುತ್ತದೆ. ಬಿಳಿ ಪದರವನ್ನು ಗೆದ್ದಲೂ ತಿನ್ನುತ್ತದೆ, ಪುಡಿ ಉದುರಿಸುವ ಹುಳುವೂ ಕೊರೆಯುತ್ತದೆ. ‘ಸಾಗವಾನಿ ಎಂದು ಕೊಂಡೆವು, ಎರಡೇ ವರ್ಷಕ್ಕೆ ಹುಳ ಬಿತ್ತು’ ಎಂಬ ದೂರು ಬಂದಾಗ ಬಾಗಿಲಿನ ಅಂಚು ನೋಡಿ. ತಿಳಿ ಹಳದಿ ಪಟ್ಟಿಯಲ್ಲೇ ತೂತು ಕಾಣುತ್ತವೆ.

ಲಾಟು ನೋಡುವ ದಿನ

ಹರಾಜಿಗೆ ಮೊದಲು ಸರಕು ನೋಡಲು ದಿನ ಕೊಟ್ಟಿರುತ್ತಾರೆ. ಈ ಸೇವೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದೇ, ಇದನ್ನು ಬಿಟ್ಟು ಪಟ್ಟಿ ನೋಡಿ ಕೂಗುವುದು ಕುರುಡು ವ್ಯಾಪಾರ. ಬಡಿಗರನ್ನು ಕರೆದುಕೊಂಡು ಹೋಗಿ. ಟೇಪು, ಸೀಮೆಸುಣ್ಣ, ಸಣ್ಣ ಸುತ್ತಿಗೆ, ಒಂದು ಬಾಟಲಿ ನೀರು ಸಾಕು. ದಿಮ್ಮಿಯ ಮುಖದ ಮೇಲೆ ನೀರು ಚಿಮುಕಿಸಿದರೆ ಚೇಗು ಮತ್ತು ಬಿಳಿ ಪದರದ ಗಡಿ, ವರ್ಷದ ಉಂಗುರ, ಸೀಳು ಎದ್ದು ಕಾಣುತ್ತವೆ.

ಮುಖದ ನಡುವಿನಿಂದ ನಕ್ಷತ್ರದಂತೆ ಹೊರಟ ಸೀಳು ತೀರ ಸಾಮಾನ್ಯ; ಅದು ತಿರುಳಿನ ಸುತ್ತ ಒಂದೆರಡು ಇಂಚಿನೊಳಗೆ ನಿಂತಿದ್ದರೆ ಚಿಂತೆಯಿಲ್ಲ. ಉಂಗುರದ ಗುಂಟ ಬಳೆಯಂತೆ ಸುತ್ತಿದ ಸೀಳಿದ್ದರೆ ಆ ದಿಮ್ಮಿ ಬೇಡ: ಕೊಯ್ದಾಗ ಹಲಗೆ ಪದರ ಪದರವಾಗಿ ಬಿಡುತ್ತದೆ. ಎರಡೂ ಮುಖ ನೋಡಬೇಕು, ಸೀಳು ಎರಡೂ ಕಡೆ ಒಂದೇ ದಿಕ್ಕಿಗಿದ್ದರೆ ಅದು ಉದ್ದಕ್ಕೂ ಹರಿದಿದೆ ಎಂದರ್ಥ. ದಿಕ್ಕು ಬೇರೆಯಾಗಿದ್ದರೆ ನಾರು ತಿರುಚಿದೆ, ಹಲಗೆ ಸೊಟ್ಟಗಾಗುತ್ತದೆ. ಸುತ್ತಿಗೆಯಿಂದ ಬುಡದ ಮುಖಕ್ಕೆ ತಟ್ಟಿದಾಗ ಟಣ್ ಎನ್ನದೆ ಬೊದ್ ಎಂದರೆ ಒಳಗೆ ಪೊಳ್ಳು. ಖಾನಾಪುರ ಕಡೆಯ ಎಲೆ ಉದುರುವ ಕಾಡಿನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನೆಲಬೆಂಕಿಯ ಕಾಟ. ಬುಡ ಸುಟ್ಟ ಗಾಯದಿಂದ ಕೊಳೆ ಒಳಗೆ ಇಳಿದಿರುತ್ತದೆ. ತೊಗಟೆಯ ಮೇಲೆ ಮುಚ್ಚಿಕೊಂಡ ಉದ್ದನೆಯ ಮಡಿಕೆ ಕಂಡರೆ ಅದು ಹಳೆಯ ಗಾಯ.

ಉಂಗುರ ಅಗಲವಾಗಿದ್ದರೆ ಮರ ಬೇಗ ಬೆಳೆದದ್ದು, ಆದ್ದರಿಂದ ಟೊಳ್ಳು ಎಂಬ ಮಾತಿಗೆ ಸೋಲಬೇಡಿ. ಸಾಗವಾನಿಯಲ್ಲಿ ಉಂಗುರದ ಅಗಲಕ್ಕಿಂತ ಚೇಗಿನ ಪ್ರಮಾಣ, ನೇರ ನಾರು, ಗಂಟಿನ ಸಂಖ್ಯೆ ಮುಖ್ಯ.

ಬಹಳ ಜನರಿಗೆ ತೊಡಕಾಗುವುದು ಉದ್ದ. 4 ಮೀಟರ್ ಎಂದರೆ 13 ಅಡಿ 1 ಇಂಚು. ಏಳಡಿ ಚೌಕಟ್ಟಿನ ನಿಲುಗಾಲಿಗೆ ಎರಡು ತುಂಡು ಬರುತ್ತದೆಂದು ನಡುವೆ ಕತ್ತರಿಸಿದರೆ ಸಿಗುವುದು ಆರೂವರೆ ಅಡಿಯ ಎರಡು ತುಂಡು, ಎರಡೂ ಕೆಲಸಕ್ಕೆ ಬಾರವು. 7 ಅಡಿ 3 ಇಂಚಿಗೆ ಕತ್ತರಿಸಿ. ಉಳಿದ 5 ಅಡಿ 10 ಇಂಚಿನಲ್ಲಿ ಮೂರೂವರೆ ಅಡಿಯ ಮೇಲಡ್ಡ, ಹೊಸ್ತಿಲು, ಬಾಗಿಲಿನ ಪ್ಯಾನಲು ತೆಗೆಯಬಹುದು. 5 × 3 ಇಂಚಿನ ಚೌಕಟ್ಟು, ಏಳಡಿ ಎತ್ತರ, ಮೂರೂವರೆ ಅಡಿ ಅಗಲ, ಹೊಸ್ತಿಲು ಸೇರಿ 21 ಅಡಿ ಉದ್ದ, ಸುಮಾರು 2.2 ಘನ ಅಡಿ. ಒಂದೂವರೆ ಇಂಚು ದಪ್ಪದ ಬಾಗಿಲಿಗೆ, ಹತರಿ ಹೊಡೆದು ಹೋಗುವುದೂ ಸೇರಿ ಇನ್ನೊಂದು ಮೂರು. ಐದು ಘನ ಅಡಿ ಚೇಗು ಬೇಕೆಂದರೆ ದಿಮ್ಮಿ ಹತ್ತು ಘನ ಅಡಿ. ಮೇಲೆ ಹೇಳಿದ ಒಂದು ಮೀಟರ್ ಸುತ್ತಳತೆಯ ದಿಮ್ಮಿ ಒಂದೇ ತಲಬಾಗಿಲಿಗೂ ತುಸು ಸಾಲದು.

ಲಾಟಿನಲ್ಲಿ ನಿಮಗೆ ಬೇಕಾದ ಒಂದೇ ದಿಮ್ಮಿ ಆರಿಸಿಕೊಳ್ಳಲು ಬರುವುದಿಲ್ಲ. ಹತ್ತಾರು ದಿಮ್ಮಿ ಒಟ್ಟಿಗೆ ಬರುತ್ತವೆ, ಒಳ್ಳೆಯದರ ಜೊತೆ ಸೊಟ್ಟದ್ದೂ ಬರುತ್ತದೆ. ಸಣ್ಣ ಗಿರಾಕಿಗೆ ಇದು ಈ ಸೇವೆಯ ನಿಜವಾದ ಕೊರತೆ. ಗೃಹೋಪಯೋಗಕ್ಕೆ ಚಿಲ್ಲರೆ ಮಾರಾಟ ಇದೆಯೇ, ಸಣ್ಣ ಲಾಟು ಮಾಡಿದ್ದಾರೆಯೇ ಎಂದು ಮೊದಲೇ ವಿಚಾರಿಸಿ.

ಹರಾಜಿನ ನಂತರ

ಹೆಚ್ಚಿನ ಬೆಲೆ ಕೂಗಿದ ಕೂಡಲೇ ಸರಕು ನಿಮ್ಮದಲ್ಲ. ಮೇಲಧಿಕಾರಿಯ ಮಂಜೂರಾತಿ ಬರಬೇಕು, ಗಡುವಿನೊಳಗೆ ಹಣ ತುಂಬಬೇಕು, ಗಡುವಿನೊಳಗೆ ಎತ್ತಬೇಕು. ಹಣ ತಪ್ಪಿದರೆ ಠೇವಣಿ ಹೋಗುತ್ತದೆ, ಎತ್ತುವುದು ತಡವಾದರೆ ನೆಲಬಾಡಿಗೆ ಬೀಳುತ್ತದೆ. ಲಾರಿ ಗೊತ್ತು ಮಾಡುವಾಗ ಹಸಿ ದಿಮ್ಮಿ ನಿಜಗಾತ್ರದ ಘನ ಮೀಟರಿಗೆ ಹತ್ತಿರ ಹತ್ತಿರ ಒಂದು ಟನ್ ಎಂದು ಹಿಡಿಯಿರಿ. ಕಾಗದದ ಅಳತೆ ನಿಜಗಾತ್ರಕ್ಕಿಂತ ಕಡಿಮೆ ಇರುವುದರಿಂದ, ಪಟ್ಟಿಯಲ್ಲಿ 3 ಘನ ಮೀಟರ್ ಎಂದಿದ್ದರೆ ಲಾರಿಯ ಮೇಲೆ ಏರುವುದು ಸುಮಾರು 3.8 ಟನ್.

ಪಾಸಿನಲ್ಲಿ ಗಾಡಿ ನಂಬರು, ದಿಮ್ಮಿಗಳ ಸಂಖ್ಯೆ, ಒಂದೊಂದರ ಅಳತೆ, ಹೋಗುವ ಊರು, ದಾರಿ, ಅವಧಿ ಇರುತ್ತವೆ. ಡಿಪೋ ಬಿಡುವ ಮೊದಲು ದಿಮ್ಮಿಯ ಮುಖದ ಮೇಲಿನ ನಂಬರು, ಸುತ್ತಿಗೆ ಗುರುತು ಪಾಸಿಗೆ ತಾಳೆ ಆಗುತ್ತವೆಯೇ ಎಂದು ಒಂದೊಂದನ್ನೂ ನೋಡಿ. ಗಾಡಿ ದಾರಿಯಲ್ಲಿ ಕೆಟ್ಟು ಬೇರೆ ಗಾಡಿಗೆ ಸರಕು ಹೇರಿದರೆ ಹಳೆಯ ಪಾಸು ನಡೆಯುವುದಿಲ್ಲ. ಕೂಡಲೇ ಹತ್ತಿರದ ವಲಯ ಕಚೇರಿಗೆ ತಿಳಿಸಬೇಕು. ಸಾಮಿಲ್ಲಿಗೆ ಪರವಾನಗಿ ಇರಬೇಕು, ನಿಮ್ಮ ಪಾಸು ಅಲ್ಲಿಯ ದಾಖಲೆಗೆ ಏರಬೇಕು. ಮನೆ ಕಟ್ಟಿ ಮುಗಿದ ಮೇಲೂ ಪಾಸು, ರಸೀದಿಯ ನಕಲು ಇಟ್ಟುಕೊಳ್ಳಿ.

ಕೊಯ್ಯಲು ಬ್ಯಾಂಡ್ ಸಾ ಇರುವ ಮಿಲ್ಲೇ ಬೇಕು: ಅದರ ಸೀಳು ಎರಡು ಮೂರು ಮಿಲಿಮೀಟರ್, ದುಂಡು ಗರಗಸದ್ದು ಹತ್ತಿರ ಹತ್ತಿರ ಎರಡು ಪಟ್ಟು. ಒಂದು ಮೀಟರ್ ಸುತ್ತಳತೆಯ ದಿಮ್ಮಿಯಲ್ಲಿ ಚೇಗು ಹತ್ತು ಇಂಚು ಅಡ್ಡಳತೆ ಇದ್ದರೆ, ತಿರುಳು ನಡುವೆ ಬರುವಂತೆ ಒಂದಿಂಚಿನ ಹಲಗೆ ಮೊದಲು ತೆಗೆಸಿ, ಅದರ ಎರಡೂ ಕಡೆ ಒಂದೊಂದು 5 × 3 ತೆಗೆಸಿ. ತಿರುಳು ಒಳಗಿಟ್ಟುಕೊಂಡ ಚೌಕಟ್ಟು ಬೇಸಿಗೆಯಲ್ಲಿ ಸೀಳಿಯೇ ಸೀಳುತ್ತದೆ. ಮಿಲ್ಲಿನವರ ಪಾಡಿಗೆ ಬಿಟ್ಟರೆ ಬೇಗ ಮುಗಿಯಲೆಂದು ಒಂದೇ ಕಡೆಯಿಂದ ಸೀಳುತ್ತ ಹೋಗುತ್ತಾರೆ, ಆದ್ದರಿಂದ ಮುಖದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟು ಪಕ್ಕದಲ್ಲೇ ನಿಲ್ಲಬೇಕು.

ಒಣಗಿಸುವುದರಲ್ಲಿ ಈ ಮೂರು ಜಿಲ್ಲೆಗಳಿಗೆ ತಮ್ಮದೇ ಆದ ತೊಂದರೆ ಇದೆ. ಬೆಳಗಾವಿಯ ಆಷಾಢದ ತೇವದಲ್ಲಿ ಮಾಡಿಸಿದ ಬಾಗಿಲನ್ನು ವಿಜಯಪುರಕ್ಕೆ ಒಯ್ದು ಕೂರಿಸಿದರೆ ಏಪ್ರಿಲ್‌ನ ಬಿಸಿಗಾಳಿಗೆ ಅದು ಕುಗ್ಗುತ್ತದೆ. ಸಾಗವಾನಿ ಕಡಿಮೆ ಕುಗ್ಗುವ ಜಾತಿಯೇ ಸರಿ; ಆದರೂ ಹತ್ತಿಂಚು ಅಗಲದ ಹಲಗೆ ಮೂರ್ನಾಲ್ಕು ಮಿಲಿಮೀಟರ್ ಕುಗ್ಗಿದರೆ ಪ್ಯಾನಲಿನ ಸಂದಿಯಲ್ಲಿ ಬೆಳಕು ಕಾಣುತ್ತದೆ. ದೀಪಾವಳಿಯ ನಂತರ ಕೊಯ್ಸಿ, ಎರಡೂ ತುದಿಗೆ ದಪ್ಪಗೆ ಬಣ್ಣ ಬಳಿದು, ನೆಲದಿಂದ ಒಂದಡಿ ಎತ್ತರದಲ್ಲಿ, ಎರಡೆರಡು ಅಡಿಗೆ ಒಂದಿಂಚಿನ ಪಟ್ಟಿ ಇಟ್ಟು ಒಟ್ಟಿ. ಪಟ್ಟಿಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಬರಬೇಕು. ಸಾಲು ತಪ್ಪಿದರೆ ಹಲಗೆ ಅಲ್ಲಿಯೇ ಬಾಗುತ್ತದೆ. ನೆರಳು ಬೇಕು, ಗಾಳಿ ಬೇಕು, ತಗಡಿನ ಶೆಡ್ಡಿನೊಳಗೆ ಮುಚ್ಚಿಡಬಾರದು. ಒಂದಿಂಚಿನ ಹಲಗೆಗೆ ಮೂರ್ನಾಲ್ಕು ತಿಂಗಳು. ಮೂರಿಂಚಿನದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು. ತೇವ ನೋಡುವ ಮೀಟರಿನಲ್ಲಿ ಶೇಕಡ 12ಕ್ಕಿಂತ ಕೆಳಗೆ ಬಂದ ಮೇಲೆ ಬಡಿಗರ ಕೈಗೆ ಕೊಡಿ. ವಿಜಯಪುರ, ಬಾಗಲಕೋಟೆಯವರು ಹಲಗೆಯನ್ನು ತಮ್ಮ ಊರಿನಲ್ಲೇ ಒಣಗಿಸುವುದು ಲೇಸು.

ಸಾಗವಾನಿಯೇ ಬೇಕೆ?

ಎಲ್ಲ ಕಡೆ ಬೇಡ. ಹರಾಜಿನಲ್ಲಿ ಮತ್ತಿ, ನಂದಿ, ಹೊನ್ನೆ, ಕಿಂದಳ, ಜಂಬೆಯ ಲಾಟುಗಳೂ ಇರುತ್ತವೆ, ಸಾಗವಾನಿಗೆ ಬೀಳುವಷ್ಟು ಪೈಪೋಟಿ ಇವಕ್ಕೆ ಇರುವುದಿಲ್ಲ. ಒಳಗಿನ ಚೌಕಟ್ಟಿಗೆ ಮತ್ತಿ, ನಂದಿ ಧಾರಾಳ ಸಾಕು. ಮತ್ತಿ ಭಾರ, ಒಣಗುವಾಗ ಸೀಳುವ ಗುಣ ಇದೆ, ಮೊಳೆ ಹೊಡೆಯುವ ಮೊದಲು ತೂತು ಕೊರೆಯಲೇಬೇಕು. ಹೊನ್ನೆಗೆ ತೇವ ತಾಗಿದರೆ ಹಳದಿ ಕಲೆ ಬಿಡುತ್ತದೆ. ಸುಣ್ಣದ ಗೋಡೆಗೆ ತಾಗುವ ಮೈಗೆ ಮೊದಲೇ ಪ್ರೈಮರ್ ಹೊಡೆಯಿರಿ. ಜಂಬೆ ಗರಗಸವನ್ನೇ ಮೊಂಡು ಮಾಡುವಷ್ಟು ಗಟ್ಟಿ, ಹೊಸ್ತಿಲಿಗೆ ಅದಕ್ಕಿಂತ ಒಳ್ಳೆಯದು ಸಿಗದು. ತೋರುವ ಜಾಗಕ್ಕೆ ಸಾಗವಾನಿ, ಉಳಿದ ಕಡೆ ಇವು ಎಂದು ಹಂಚಿಕೊಂಡರೆ ಸಾಗವಾನಿಯ ತೋಪೊಂದರ ಮೇಲೆ ಬೀಳುವ ಒತ್ತಡ ಇಳಿಯುತ್ತದೆ. ತೋಪಿನಲ್ಲಿ ಬೇರೆ ಜಾತಿಗೂ ಬೆಲೆ ಇದೆ ಎಂದಾದರೆ ಅವನ್ನು ಬೆಳೆಯಲು ಬಿಡುವ ಅಧಿಕಾರಿಯ ಕೈಯೂ ಗಟ್ಟಿಯಾಗುತ್ತದೆ.

ವಿಜಯಪುರ ರಾಜ್ಯದಲ್ಲೇ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲೊಂದು. ಅಲ್ಲಿಯ, ಬಾಗಲಕೋಟೆಯ ಹಳೆಯ ವಾಡೆ, ಮಾಳಿಗೆ ಮನೆ ಕೆಡವಿದಾಗ ಸಿಗುವ ಕಂಬ, ತೊಲೆಗಳನ್ನು ಉರುವಲಿಗೆ ಹಾಕಬೇಡಿ. ದಶಕಗಳ ಕಾಲ ಒಣಗಿದ ಕಟ್ಟಿಗೆ ಅದು, ಇನ್ನು ಕುಗ್ಗುವುದು ತೀರ ಕಡಿಮೆ. ಕೊಯ್ಯುವ ಮೊದಲು ಅಯಸ್ಕಾಂತ ಹಿಡಿದು ಮೈಯೆಲ್ಲ ಸವರಿ ಹಳೆಯ ಮೊಳೆ ತೆಗೆಯಬೇಕು. ಗೋಡೆಯೊಳಗೆ ಹುಗಿದಿದ್ದ ತುದಿ ಒಂದಡಿ ಕತ್ತರಿಸಿ ಬಿಡಿ, ಗೆದ್ದಲು ಇರುವುದು ಅಲ್ಲಿ.

ಅಂಗಡಿಯಿಂದಲೇ ಕೊಳ್ಳುವವರು ದೇಶ ಯಾವುದು ಎಂದು ಕೇಳಿ. ಆಫ್ರಿಕಾ, ದಕ್ಷಿಣ ಅಮೆರಿಕದ ಸಾಗವಾನಿ ಬೆಳಗಾವಿಯಲ್ಲಿ ಬೇಕಾದಷ್ಟಿದೆ. ‘ಬರ್ಮಾ’ ಎಂದು ಹೇಳಿದರೆ ಕಾಗದ ಕೇಳಿ. ಮ್ಯಾನ್ಮಾರ್ 2014ರಿಂದ ದಿಮ್ಮಿಯ ರಫ್ತು ನಿಲ್ಲಿಸಿದೆ. ಬಿಲ್ಲು ಕೊಡದ ಅಂಗಡಿಯ ಕಟ್ಟಿಗೆ ಯಾವ ಕಾಡಿನದೋ ಎಂಬ ಅನುಮಾನವನ್ನು ನಿಮ್ಮ ತಲಬಾಗಿಲಿಗೆ ಕೂರಿಸಿಕೊಳ್ಳಬೇಡಿ.

ಅಂಕ ಕೊಡುವುದಾದರೆ ಸರಕಿಗೆ ಐದಕ್ಕೆ ನಾಲ್ಕೂವರೆ, ಕಾಗದಪತ್ರಕ್ಕೆ ಐದು, ಸಣ್ಣ ಗಿರಾಕಿಯ ಅನುಕೂಲಕ್ಕೆ ಎರಡು. ಒಂದು ಮನೆಗೆ ಸಾಕಾಗುವ ಎರಡು ಮೂರು ಘನ ಮೀಟರಿನ ಲಾಟುಗಳನ್ನು ಬೇರೆಯಾಗಿ ಮಾಡಿದರೆ ಕೊನೆಯ ಅಂಕ ತಾನಾಗಿ ಏರುತ್ತದೆ. ಇನ್ನೊಂದು ಬೇಡಿಕೆ ಇದಕ್ಕಿಂತ ಮುಖ್ಯ. ಗಿರಾಕಿಯ ಕೈಗೆ ಬರುವ ಪಟ್ಟಿಯಲ್ಲಿ ಎದ್ದು ಕಾಣುವುದು ಉದ್ದ, ಸುತ್ತಳತೆ, ವರ್ಗ, ಬೆಲೆ. ಅದರ ಪಕ್ಕದಲ್ಲಿ ಇನ್ನು ಮೂರು ಕಲಂ ಬೇಕು: ಯಾವ ಕಂಪಾರ್ಟ್‌ಮೆಂಟಿನ ತೋಪು, ನೆಟ್ಟ ವರ್ಷ ಯಾವುದು, ಇದು ಎಷ್ಟನೆಯ ಥಿನ್ನಿಂಗ್. ಮಾಹಿತಿ ಇಲಾಖೆಯ ತೋಪು ದಾಖಲೆಯಲ್ಲಿ ಇರುವಂಥದ್ದೇ, ಪಟ್ಟಿಗೆ ಇಳಿಸುವುದಷ್ಟೇ ಕೆಲಸ. ಎರಡನೆಯ ಥಿನ್ನಿಂಗಿನ ದಿಮ್ಮಿ ಎಂದು ತಿಳಿದರೆ ಬಡಿಗರು ಚೇಗಿನ ಅಂದಾಜನ್ನು ಡಿಪೋಗೆ ಹೋಗುವ ಮೊದಲೇ ಹಾಕಬಲ್ಲರು. ಮೂವತ್ತು ವರ್ಷದ ತೋಪಿನಿಂದ ಇಪ್ಪತ್ತನೆಯ ವರ್ಷದ ಥಿನ್ನಿಂಗ್ ಈಗ ಬರುತ್ತಿದೆ ಎಂದರೆ ಹತ್ತು ವರ್ಷ ತಡವಾಗಿದೆ ಎಂಬುದೂ ಕೊಳ್ಳುವವರಿಗೆ ಕಾಣುತ್ತದೆ, ಆ ಬಗ್ಗೆ ಅವರು ವಿಭಾಗ ಕಚೇರಿಯಲ್ಲಿ ಕೇಳಬಹುದು.